ಫೈಲಿನ ಅಡ್ಡಹೆಸರು

ಖಾನಾಪುರದ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಮೊಬೈಲ್ ಅಂಗಡಿ ಇದೆ. ಮೊದಲು ಅದು ಹಳದಿ ಬೋರ್ಡಿನ ಎಸ್‌ಟಿಡಿ ಬೂತ್ ಆಗಿತ್ತು. ಎಲ್ಲರ ಕಿಸೆಗೂ ಮೊಬೈಲ್ ಬಂದ ಮೇಲೆ ಬೂತಿನಲ್ಲಿ ನೊಣ ಹೊಡೆಯುವ ಕೆಲಸ ಮಾತ್ರ ಉಳಿಯಿತು. ಹಾಗಾಗಿ ಗಾಜಿನ ಕೋಣೆ ಕಿತ್ತುಹಾಕಿ, ರಿಪೇರಿ ಕಲಿತು, ಹಾಡು ತುಂಬಿಕೊಡಲು ಒಂದು ಹಳೆಯ ಕಂಪ್ಯೂಟರ್ ಇಟ್ಟುಕೊಂಡೆ. ಗುರುಸಿದ್ದ ನನ್ನ ಹೆಸರು. ಕೈ ಚಲೋ, ಬಾಯಿ ಕೆಟ್ಟದ್ದು ಎಂದು ಊರವರು ಹೇಳುತ್ತಾರೆ. ಎರಡೂ ನಿಜ. ಫೋನನ್ನು ನೀರಿನಲ್ಲಿ ಬೀಳಿಸಿಕೊಂಡು ಬಂದು, ಅದು ತಾನಾಗಿಯೇ ಬಂದ್ ಆಯಿತು ಎಂದು ಸುಳ್ಳು ಹೇಳುವವರನ್ನು ಕಂಡರೆ ನನಗೆ ತಡೆದುಕೊಳ್ಳಲು ಆಗುವುದಿಲ್ಲ.

ಇದು ಎರಡು ಸಾವಿರದ ಒಂಬತ್ತರ ಜುಲೈ ತಿಂಗಳ ಮಾತು. ಮಳೆ ಹಿಡಿದು ಆರು ದಿನವಾಗಿತ್ತು. ಬೆಳಿಗ್ಗೆ ಎಂಟಕ್ಕೆ ನಾನು ಶಟರ್ ಎತ್ತಲು ಹೋದರೆ ದೇಸೂರಕರ ವೈನಿ ಆಗಲೇ ಕೊಡೆ ಹಿಡಿದು ಕಟ್ಟೆಯ ಮೇಲೆ ನಿಂತಿದ್ದರು. ವೈನಿ ಎಂದರೆ ನಮ್ಮ ಕಡೆ ಅಣ್ಣನ ಹೆಂಡತಿ. ಊರಿನ ಯಾವ ಮನೆಯ ಸೊಸೆಯನ್ನೂ ಹಾಗೇ ಕರೆದುಬಿಡುತ್ತೇವೆ; ಹೆಸರು ಕೇಳುವ ಪ್ರಸಂಗವೇ ಬರುವುದಿಲ್ಲ. ಇವರ ಗಂಡ ಆಶಿಶ್ ಗೋವಾದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ, ರವಿವಾರ ಬಂದು ಹೋಗುತ್ತಿದ್ದ. ಮನೆಯಲ್ಲಿ ಅತ್ತೆ ರಾಧಾಬಾಯಿ ಮತ್ತು ಇವರು, ಇಬ್ಬರೇ.

"ಗುರುಸಿದ್ದಣ್ಣಾರ, ಇದರೊಳಗ ಒಂದು ಫೈಲ್ ಅದ. ತೆರೀಲಿಕ್ಕೇ ಒಲ್ಲದು," ಎಂದು ಫೋನ್ ಕೊಟ್ಟರು. ಚೈನಾ ಸೆಟ್. ಹಾಡು ಹಚ್ಚಿದರೆ ಇಡೀ ಓಣಿಗೆ ಕೇಳುವಂಥದ್ದು. ಬೇರೆ ಯಾವ ಗುಣವೂ ಅದಕ್ಕಿರಲಿಲ್ಲ.

ನೋಡಿದರೆ ಒಂದಲ್ಲ, ಏಳು ಫೈಲು. ಏಳಕ್ಕೂ ಒಂದೇ ಹೆಸರು, ಹಿಂದೆ ಒಂದು, ಎರಡು, ಮೂರು ಎಂದು ಅಂಕಿ.

"ಒಂದು ತೆರೀಲಿಲ್ಲ ಅಂದ್ರ ಏಳು ಸಲ ಇಳಿಸ್ಕೋತಾರೇನ್ರಿ? ಬೀಗ ತೆಗೀಲಿಲ್ಲಂತ ಅದ ಕೀಲಿ ಏಳು ಸಲ ಹಾಕಿದಂಗಾತು," ಎಂದೆ.

ಅವರು ಸಿಟ್ಟಾಗಲಿಲ್ಲ. "ಹೌದ್ರಿ, ಏನು ಮಾಡಬೇಕು ತಿಳೀಲಿಲ್ಲ," ಎಂದು ಇದ್ದದ್ದು ಇದ್ದಂತೆ ಹೇಳಿದರು.

ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ ಒಂದು ಖಾಸಗಿ ಶಾಲೆಯವರು ಲೈಬ್ರರಿ ನೋಡಿಕೊಳ್ಳಲು ಜನ ಬೇಕೆಂದು ಜಾಹೀರಾತು ಕೊಟ್ಟಿದ್ದರು. ಮದುವೆಗೆ ಮುಂಚೆ ವೈನಿ ಆ ಕೋರ್ಸ್ ಮಾಡಿದ್ದರು. ಅರ್ಜಿ ಹಾಕಿದರು. ನಿನ್ನೆ ಮಧ್ಯಾಹ್ನ ಫೋನಿಗೆ ಮೆಸೇಜ್ ಬಂತು: ಈ ಲಿಂಕಿನಿಂದ ಸಂದರ್ಶನದ ಪತ್ರ ಇಳಿಸಿಕೊಳ್ಳಿ, ಸಂಜೆ ಆರಕ್ಕೆ ಲಿಂಕ್ ಮುಚ್ಚುತ್ತದೆ, ಪ್ರಿಂಟ್ ತಾರದವರನ್ನು ಒಳಗೆ ಬಿಡುವುದಿಲ್ಲ. ಊರಿನ ಸೈಬರ್ ಕೆಫೆಯ ಲೈನ್ ಮಳೆಗೆ ಕೆಟ್ಟು ನಾಲ್ಕು ದಿನವಾಗಿತ್ತು. ಫೋನಿನಲ್ಲೇ ಇಳಿಸಿಕೊಂಡರು. ಸಂದರ್ಶನ ಇವತ್ತು ಹನ್ನೊಂದು ಗಂಟೆಗೆ.

"ಮೂವತ್ತೈದರ ತನಕ ವಯಸ್ಸಿನ ಮಿತಿ ಅದರಿ. ಬರೋ ಆಗಸ್ಟಿಗೆ ನನಗ ಮೂವತ್ತಾರು. ಹದಿಮೂರು ವರ್ಷದಾಗ ಇದೊಂದ ಕರೆ ಬಂದದ್ದು," ಎಂದರು.

ಸ್ಟೂಲ್ ಎಳೆದು, "ಕುಂದರ್ರಿ," ಎಂದೆ.

ರೋಗ ಏನೆಂದು ಹೆಸರು ನೋಡಿದ ಕೂಡಲೇ ತಿಳಿದಿತ್ತು. ಹೆಸರಿನ ಕೊನೆಗೆ ಚುಕ್ಕೆ, ಚುಕ್ಕೆಯ ಮುಂದೆ ಪಿಎಚ್‌ಪಿ ಎಂದಿತ್ತು. ಇದನ್ನು ಎಕ್ಸ್‌ಟೆನ್ಶನ್ ಅನ್ನುತ್ತಾರೆ. ಹಾಗೆಂದರೆ ನನ್ನ ಗಿರಾಕಿಗಳಿಗೆ ತಿಳಿಯುವುದಿಲ್ಲ, ಅದಕ್ಕೆ ನಾನು ಅಡ್ಡಹೆಸರು ಅನ್ನುತ್ತೇನೆ. ನಮ್ಮ ಸೀಮೆಯಲ್ಲಿ ಅಡ್ಡಹೆಸರು ಕೇಳಿದರೆ ಮನುಷ್ಯ ಎಲ್ಲಿಯವನೆಂದು ಗೊತ್ತಾಗುತ್ತದೆ. ದೇಸೂರಿನವರು ದೇಸೂರಕರ, ಜಾಂಬೋಟಿಯವರು ಜಾಂಬೋಟಕರ. ಫೋನೂ ಹಾಗೆಯೇ. ಚುಕ್ಕೆಯ ಮುಂದಿನ ಅಡ್ಡಹೆಸರು ನೋಡಿ ಇದು ಹಾಡು, ಇದು ಫೋಟೋ, ಇದು ಪತ್ರ ಎಂದು ಗುರುತು ಹಿಡಿಯುತ್ತದೆ. ಗುರುತು ಸಿಗದಿದ್ದರೆ ಬಾಗಿಲು ತೆಗೆಯುವುದಿಲ್ಲ.

"ಶಾಲಿಯವರ ವೆಬ್‌ಸೈಟಿನ್ಯಾಗ ಪತ್ರ ಹಂಚೂ ಪುಟದ ಅಡ್ಡಹೆಸರು ಪಿಎಚ್‌ಪಿ. ನಿಮ್ಮ ಫೋನಿಗೆ ಬುದ್ಧಿ ಇಲ್ಲ. ಹಂಚಿದವರ ಅಡ್ಡಹೆಸರನ್ನ ಪತ್ರಕ್ಕೂ ಹಚ್ಚೈತಿ. ಟಪಾಲು ತಂದ ಪೋಸ್ಟ್‌ಮನ್ನನ ಹೆಸರು ಟಪಾಲಿಗೆ ಇಟ್ಟಂಗ. ಹೆಸರು ಬದಲಿ ಮಾಡೂಣು, ಆತು," ಎಂದು ತಿಳಿಸಿ ಹೇಳಿದೆ.

"ಹೆಸರು ಬದಲಿ ಮಾಡಿದ್ರ ಒಳಗಿಂದು ಹಾಳಾಗೂದಿಲ್ಲೇನ್ರಿ?"

"ಒಳಗಿಂದಕ್ಕ ಏನೂ ಆಗಂಗಿಲ್ರಿ. ಅದು ಇದ್ದಂಗ ಇರ್ತೈತಿ."

"ಖರೇನ?" ಎಂದರು. ಕೇಳಿದ ರೀತಿ ಸ್ವಲ್ಪ ಬೇರೆಯಾಗಿತ್ತು. ಆಗ ನನ್ನ ಲಕ್ಷ್ಯವೆಲ್ಲ ಫೋನಿನ ಮೇಲಿತ್ತು.

ಆ ಫೋನಿನಲ್ಲಿ ಹೆಸರು ಬದಲಿಸಲು ಹೋದರೆ ಚುಕ್ಕೆಯ ಹಿಂದಿನದನ್ನು ಮಾತ್ರ ಮುಟ್ಟಲು ಬಿಡುತ್ತಿತ್ತು. ಅಡ್ಡಹೆಸರಿಗೆ ಕೈ ಹಚ್ಚಲು ಕೊಡಲಿಲ್ಲ. ಮೆಮರಿ ಕಾರ್ಡ್ ಕಳಚಿ ಕಂಪ್ಯೂಟರಿಗೆ ಹಾಕಿದೆ. ಕಂಪ್ಯೂಟರ್ ಪೂರ್ತಿ ಚಾಲೂ ಆಗುವುದಕ್ಕೂ ಕರೆಂಟ್ ಹೋಗುವುದಕ್ಕೂ ಸರಿಹೋಯಿತು. ಯುಪಿಎಸ್ ಕುಂಯ್ ಕುಂಯ್ ಎಂದು ಕೂಗತೊಡಗಿತು. ಅದರ ಬ್ಯಾಟರಿ ಹಳತು. ಹೆಚ್ಚೆಂದರೆ ಹತ್ತು ನಿಮಿಷ.

ಇಲ್ಲಿ ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಪಿಎಚ್‌ಪಿ ತೆಗೆದು ಏನು ಹಾಕಬೇಕು? ಪಂಚಾಯಿತಿ ಇರಲಿ, ಸೊಸೈಟಿ ಇರಲಿ, ನನ್ನ ಕೈಗೆ ಬಂದ ಆಫೀಸಿನ ಕಾಗದಗಳೆಲ್ಲ ವರ್ಡ್‌ನಲ್ಲೇ ಇರುತ್ತಿದ್ದವು. ಹಿಂದೆಮುಂದೆ ನೋಡದೆ ವರ್ಡಿನ ಅಡ್ಡಹೆಸರು ಡಾಕ್ ಎಂದು ಹಾಕಿದೆ. ತೆರೆಯಿತು. ವೈನಿ ಸ್ಟೂಲಿನಿಂದ ಎದ್ದು ಬಂದರು. ಪರದೆಯ ತುಂಬ ಕಸ. ಚೌಕಟ್ಟು, ಸೊನ್ನೆ, ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ, ನಡುವೆ ಯಾವ ದೇಶದ್ದೋ ಅಕ್ಷರ.

ಪರದೆಯ ಮೇಲೆ ಇಂಥ ಕಸ ಕಂಡರೆ ಕನ್ನಡ ಕಂಪ್ಯೂಟರ್ ಬಳಸುವ ಯಾರೇ ಆಗಲಿ ಏನು ಹೇಳುತ್ತಾರೆ? ಫಾಂಟ್ ಇಲ್ಲ ಅನ್ನುತ್ತಾರೆ. ನಾನೂ ಅದನ್ನೇ ಹೇಳಿದೆ. ನುಡಿ ಎಂಬ ತಂತ್ರಾಂಶದಲ್ಲಿ ಬರೆದದ್ದನ್ನು ಬರಹ ಎಂಬುದರಲ್ಲಿ ತೆರೆದು, ಬರಹದ್ದನ್ನು ನುಡಿಯಲ್ಲಿ ತೆರೆದು ನಮ್ಮ ಅರ್ಧ ಆಯುಷ್ಯ ಹೋಗಿದೆ. ಪೂರ್ತಿ ಆಯ್ಕೆ ಮಾಡಿ ನುಡಿ ಫಾಂಟ್ ಹಾಕಿದೆ. ಕಸವೆಲ್ಲ ಕನ್ನಡದ ಕಸವಾಯಿತು. ಬರಹ ಹಾಕಿದೆ. ಬೇರೆ ಥರದ ಕನ್ನಡ ಕಸ. ಕ್ಯಾಂಪಿನ ಶಾಲೆ, ಮರಾಠಿ ಇರಬಹುದು ಎಂದು ಮರಾಠಿ ಫಾಂಟ್ ಹಾಕಿದೆ. ಮರಾಠಿ ಕಸ. ಯುಪಿಎಸ್ ಕೂಗುವುದು ಜೋರಾಯಿತು. ಐದು ನಿಮಿಷ ಹಾಳಾಗಿತ್ತು. ನನಗೆ ಆ ಕಂಪ್ಯೂಟರನ್ನು ಎತ್ತಿ ಗಟಾರಕ್ಕೆ ಒಗೆಯಬೇಕೆನ್ನಿಸಿತು.

"ಅಣ್ಣಾರ, ಸ್ವಲ್ಪ ತಡೀರಿ. ಮೊದಲು ಹೆಂಗಿತ್ತೋ ಹಂಗ ಮಾಡ್ರಿ," ಎಂದರು ವೈನಿ.

"ಯಾಕ್ರಿ?"

"ಫಾಂಟ್ ಬದಲಿಸೋಕಿಂತ ಮೊದಲ ಎಲ್ಲಾಕಿಂತ ಮ್ಯಾಲಿನ ಸಾಲಿನೊಳಗ ಇಂಗ್ಲಿಷಿನ್ಯಾಗ ಏನೋ ಇತ್ತು. ಓದಲಿಕ್ಕೆ ಬರೂ ಹಂಗ ಇತ್ತು."

ಹಿಂದಕ್ಕೆ ತಂದೆ. ನಿಜ. ಆ ಕಸದ ರಾಶಿಯ ತಲೆಯ ಮೇಲೆ, ಶೇಕಡಾ ಚಿಹ್ನೆಯ ಪಕ್ಕದಲ್ಲಿ, ಪಿಡಿಎಫ್ ಎಂಬ ಮೂರು ಅಕ್ಷರ ಸ್ಪಷ್ಟವಾಗಿ ಕೂತಿದ್ದವು. ಅವುಗಳ ಮೇಲೆ ನಾನೇ ನುಡಿ ಹಾಕಿ, ಬರಹ ಹಾಕಿ ಮುಚ್ಚಿದ್ದೆ.

"ನಿಮಗ ಹೆಂಗ ಗೊತ್ತಾತ್ರಿ?"

"ಕೋರ್ಸಿನ್ಯಾಗ ಮೊದಲ ಪಾಠ ಅದ ಇತ್ರಿ. ಪುಸ್ತಕದ ಹೆಸರನ್ನ ಮ್ಯಾಲಿನ ರಟ್ಟು ನೋಡಿ ಬರಕೋಬಾರದು. ರಟ್ಟು ಯಾರರ ಬದಲಾಯಿಸಿರ್ತಾರ, ಬೈಂಡ್ ಮಾಡಿದವ ತಪ್ಪು ಹೆಸರು ಹಚ್ಚಿರ್ತಾನ. ಒಳಗಿನ ಮೊದಲ ಪುಟ ತೆಗದು, ಅಲ್ಲಿ ಏನದನೋ ಅದನ್ನ ಬರಕೋಬೇಕು."

ಹದಿಮೂರು ವರ್ಷ ಒಲೆಯ ಮುಂದೆ ನಿಂತವರಿಗೆ ಮೊದಲ ಪಾಠ ನೆನಪಿತ್ತು. ನಾಲ್ಕು ವರ್ಷ ಈ ಯಂತ್ರದ ಮುಂದೆ ಕೂತ ನನಗೆ ಕಣ್ಣಿದ್ದೂ ಕಾಣಿಸಿರಲಿಲ್ಲ. ಡಾಕ್ ಅಳಿಸಿ ಪಿಡಿಎಫ್ ಎಂದು ಬರೆದೆ. ಈ ಸಲ ಪತ್ರ ತೆರೆಯಿತು. ಶಾಲೆಯ ಮುದ್ರೆ, ತಾರೀಖು, ಹನ್ನೊಂದು ಗಂಟೆ, ಎಲ್ಲ ಸರಿಯಿತ್ತು. ಹೆಸರಿನ ಸಾಲು ಓದಿದೆ. ನೀಲಾ ವಾಸುದೇವ ಜಾಂಬೋಟಕರ.

"ಅಯ್ಯ ವೈನಿ, ಇದು ಬ್ಯಾರೆಯವರದು ಬಂದೈತಲ್ರಿ," ಎಂದೆ.

ಅವರು ಪರದೆಯಿಂದ ಕಣ್ಣು ಕೀಳಲಿಲ್ಲ. "ಇಲ್ರಿ. ಅದು ನಂದ," ಎಂದರು.

ಅಷ್ಟರಲ್ಲಿ ಯುಪಿಎಸ್ ಕೊನೆಯ ಸಲ ಕೂಗಿ ಸುಮ್ಮನಾಯಿತು. ಪರದೆ ಕಪ್ಪಾಯಿತು. ಪ್ರಿಂಟ್ ತೆಗೆಯುವ ಮಾತೇ ಉಳಿಯಲಿಲ್ಲ.

ಗಂಟೆ ಎಂಟೂವರೆ ಆಗುತ್ತಿತ್ತು. ಕಾರ್ಡಿನಲ್ಲಿ ಫೈಲಿನ ಹೆಸರು ಸರಿಯಾಗಿತ್ತು. ಆದರೆ ಕರೆಂಟ್ ಹೀಗೆ ಥಟ್ಟನೆ ಹೋದಾಗ ಕಾರ್ಡ್ ಕೆಟ್ಟದ್ದನ್ನೂ ನಾನು ನೋಡಿದ್ದೇನೆ. ಕ್ಯಾಂಪಿನ ಯಾವನೋ ಝೆರಾಕ್ಸ್‌ನವನು ಇವರಿಗೆ 'ಫೈಲ್ ಬರೂದಿಲ್ಲ' ಎಂದು ವಾಪಸ್ ಕಳಿಸಿದರೆ? "ನಾನೂ ಬೆಳಗಾವಿಗೆ ಹೊಂಟೇನಿ, ಸ್ಪೇರ್ ತರೂದೈತಿ," ಎಂದು ಶಟರ್ ಎಳೆದೆ. ಸ್ಪೇರ್ ತರುವುದು ಶುಕ್ರವಾರ. ಅಂದು ಮಂಗಳವಾರ.

ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತರು. ನಾನು ಆಚೆ ಬದಿಯ ಸೀಟಿನಲ್ಲಿ ಕೂತೆ. ಹೆಸರಿನ ವಿಷಯ ಕೇಳಬಾರದೆಂದು ಊರ ಗಡಿ ದಾಟುವ ತನಕ ತಡೆದುಕೊಂಡೆ. ಅದಕ್ಕಿಂತ ಹೆಚ್ಚು ತಡೆಯುವುದು ನನ್ನಿಂದ ಆಗುವ ಕೆಲಸವಲ್ಲ.

"ಲಗ್ನದಾಗ ಬದಲಾಯಿಸಿದ್ರು," ಎಂದರು. "ನಮ್ಮಲ್ಲೆ ಪದ್ಧತಿ ಅದ. ತಾಟಿನ್ಯಾಗ ಅಕ್ಕಿ ಹರವಿ, ಉಂಗುರದಲೆ ಹೊಸ ಹೆಸರು ಬರೀತಾರ. ಸಾನಿಕಾ ಅಂತ ಬರದ್ರು."

"ನೀಲಾ ಯಾಕ ಬ್ಯಾಡಾತ್ರಿ? ಚಲೋನ ಐತಲ್ಲ."

"ಮನ್ಯಾಗ ಇವರ ತಂಗಿ ಒಬ್ಬಾಕಿ ನೀಲಾ ಇದ್ದಳು. ಒಂದ ಮನ್ಯಾಗ ಇಬ್ಬರು ನೀಲಾ ಬ್ಯಾಡ ಅಂದ್ರು."

"ಕಂಪ್ಯೂಟರಿನ್ಯಾಗೂ ಹಂಗ ನೋಡ್ರಿ. ಒಂದ ಫೋಲ್ಡರಿನ್ಯಾಗ ಒಂದ ಹೆಸರಿನ ಎರಡು ಫೈಲ್ ಇರಾಕ ಬಿಡಂಗಿಲ್ಲ," ಎಂದೆ.

ಆ ದಿನ ಮೊದಲ ಸಲ ನಕ್ಕರು. "ಮುಂದಿನ ವರ್ಷ ಆಕಿ ಲಗ್ನನೂ ಆತ್ರಿ. ಅಲ್ಲೆ ಆಕಿ ಹೆಸರೂ ಬದಲಾಯಿಸಿದ್ರು. ಈಗ ಮನ್ಯಾಗ ಒಬ್ಬಳೂ ನೀಲಾ ಇಲ್ಲ."

ನನಗೂ ನಗು ಬಂತು. ಅವರ ನಗು ಅಷ್ಟರಲ್ಲೇ ನಿಂತಿತ್ತು.

"ಅತ್ತಿಯವರು ಕೆಟ್ಟವರಲ್ರಿ. ಇವತ್ತು ನಸುಕಿನ್ಯಾಗ ಎದ್ದು ತಾವ ಅವಲಕ್ಕಿ ಮಾಡಿ ಕೊಟ್ರು. ಆದ್ರ ಅಪ್ಪಾ ಅವ್ವಾ ಇರೂ ತನಕ ತವರುಮನ್ಯಾಗರ ನೀಲಾ ಅಂತ ಕರೀತಿದ್ರು. ಅವ್ವಾ ಹೋಗಿ ಏಳು ವರ್ಷ ಆತು. ಆಮ್ಯಾಲೆ ಯಾರೂ ಕರದಿಲ್ಲ. ಸರ್ಟಿಫಿಕೇಟಿನ್ಯಾಗ ಅಷ್ಟ ಅದ. ಅದಕ್ಕ ಅರ್ಜಿ ಆ ಹೆಸರಿಲೆ ಹಾಕಬೇಕಾತು."

ನನಗೆ ಕೆಟ್ಟದೆನ್ನಿಸಿತು. ಇಷ್ಟು ವರ್ಷ ಅವರ ಫೋನಿಗೆ ರಿಚಾರ್ಜ್ ಮಾಡಿದ್ದೇನೆ, ಹೆಸರೇನು ಎಂದು ಒಮ್ಮೆಯೂ ಕೇಳಿರಲಿಲ್ಲ. ಬಸ್ ಭಾಳ ಸಾವಕಾಶ ಹೊಂಟಿದೆ ಎಂದು ಡ್ರೈವರನನ್ನು ಬೈದೆ.

ಕ್ಯಾಂಪ್ ಮುಟ್ಟಿದಾಗ ಹತ್ತು ಗಂಟೆ. ಝೆರಾಕ್ಸ್ ಅಂಗಡಿಯವನು ಕಾರ್ಡ್ ಹಾಕಿ ಏಳು ಫೈಲು ನೋಡಿ ಹುಬ್ಬು ಗಂಟಿಕ್ಕಿದ. "ಪಿಡಿಎಫ್ ಅಂತ ಇರೂದು ಒಂದ ಐತಿ, ಅದನ್ನಷ್ಟ ಮುಟ್ಟು, ಉಳಿದಾವಕ್ಕ ಕೈ ಹಚ್ಚಬ್ಯಾಡ," ಎಂದೆ. ಅವನಿಗೆ ನನ್ನ ಮಾತು ಹಿಡಿಸಲಿಲ್ಲ, ಆದರೂ ಪ್ರಿಂಟ್ ತೆಗೆದ. ಕಾಗದ ಇನ್ನೂ ಬೆಚ್ಚಗಿರುವಾಗಲೇ ವೈನಿ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚದೆ ಇಟ್ಟುಕೊಂಡರು.

ಶಾಲೆಯ ಗೇಟಿನಲ್ಲಿ ಗುಮಾಸ್ತರೊಬ್ಬರು ಪತ್ರವನ್ನೂ ಮತದಾರರ ಚೀಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಪತ್ರದಲ್ಲಿ ನೀಲಾ ಜಾಂಬೋಟಕರ, ಚೀಟಿಯಲ್ಲಿ ಸಾನಿಕಾ ದೇಸೂರಕರ. ಇಲ್ಲಿಗೆ ಬಂದು ಮುಳುಗಿತಲ್ಲ ಎಂದುಕೊಂಡೆ. ಆದರೆ ವೈನಿ ಚೀಲದಿಂದ ಒಂದು ಸ್ಟಾಂಪ್ ಪೇಪರ್ ತೆಗೆದರು. ಈ ಎರಡೂ ಹೆಸರು ಒಬ್ಬಳೇ ಹೆಂಗಸಿನವು ಎಂದು ವಕೀಲರಿಂದ ಬರೆಸಿದ್ದು. ಗುಮಾಸ್ತರು ಅದನ್ನು ಪೂರ್ತಿ ಓದಲೂ ಇಲ್ಲ. "ನಮ್ಮ ಮನಿಯಾಕಿದೂ ಇಂಥಾದ ಒಂದು ಮಾಡಿಸೇವಿ, ಹೋಗ್ರಿ ಒಳಗ," ಎಂದರು.

ಕಾಗದಪತ್ರದಲ್ಲಿ ಒಂದೂ ಕೊರತೆ ಇಡದೆ ಬಂದಿದ್ದರು. ಕೊರತೆ ಇದ್ದದ್ದು ಬೇರೆ ಕಡೆ, ಅದು ಅವರಿಗೂ ಗೊತ್ತಿರಲಿಲ್ಲ.

ವರಾಂಡದಲ್ಲಿ ಎರಡು ಸಾಲು ಬೆಂಚು ಹಾಕಿದ್ದರು. ಒಂಬತ್ತು ಜನ ಬಂದಿದ್ದರು. ಹೆಚ್ಚಿನವರು ಇಪ್ಪತ್ತೈದರ ಆಚೀಚಿನ ಹುಡುಗಿಯರು. ಮಳೆ ಜೋರಾಗಿದ್ದರಿಂದ ಜೊತೆಗೆ ಬಂದವರಿಗೂ ವರಾಂಡದ ತುದಿಯಲ್ಲಿ ನಿಲ್ಲಲು ಬಿಟ್ಟಿದ್ದರು. ನಾನು ಕಂಬಕ್ಕೆ ಆತು ನಿಂತೆ. ಸ್ಪೇರ್ ತರಬೇಕೆಂದು ಹೇಳಿದವನು ಯಾಕೆ ನಿಂತಿದ್ದಾನೆ ಎಂದು ವೈನಿ ಕೇಳಲಿಲ್ಲ. ತೊಡೆಯ ಮೇಲೆ ಕೋರ್ಸಿನ ಹಳೆಯ ನೋಟ್‌ಬುಕ್ ಬಿಚ್ಚಿಟ್ಟುಕೊಂಡು ತುಟಿ ಅಲ್ಲಾಡಿಸುತ್ತ ಓದುತ್ತಿದ್ದರು.

ಹನ್ನೊಂದೂಕಾಲಿಗೆ ಶಾಲೆಯ ಜವಾನ, ರಾಯಪ್ಪ ಎಂದು ಅವನ ಅಂಗಿಯ ಮೇಲೆ ಪಟ್ಟಿ ಇತ್ತು, ಬಾಗಿಲಿಗೆ ಬಂದು ಹೆಸರು ಕರೆಯತೊಡಗಿದ. ಕರೆದವರು ಒಳಗೆ ಹೋಗಿ ಬಂದರು. ನಾಲ್ಕನೆಯದಾಗಿ ಚೀಟಿ ನೋಡಿ ಕೂಗಿದ:

"ನೀಲಾ ಜಾಂಬೋಟಕರ."

ಯಾರೂ ಏಳಲಿಲ್ಲ. ನಾನು ವೈನಿಯ ಕಡೆ ನೋಡಿದೆ. ಅವರು ಹಾಳೆ ತಿರುವಿ ಹಾಕಿದರು.

"ನೀಲಾ ಜಾಂಬೋಟಕರ ಯಾರ್ರಿ?" ರಾಯಪ್ಪ ಮತ್ತೊಮ್ಮೆ ಕೇಳಿದ. ವೈನಿ ತಲೆಯೆತ್ತಿ, ಎಲ್ಲರಂತೆ ತಾವೂ ಅತ್ತಿತ್ತ ನೋಡಿದರು. ಯಾರು ಆ ಹೆಣ್ಣುಮಗಳು, ಯಾಕೆ ಏಳುತ್ತಿಲ್ಲ ಎಂದು ನೋಡುವವರ ಹಾಗೆ. ಮತ್ತೆ ನೋಟ್‌ಬುಕ್ಕಿಗೆ ಕಣ್ಣಿಟ್ಟರು.

ನಾನು ಕಂಬ ಬಿಟ್ಟು ಮುಂದೆ ಬಂದೆ. ರಾಯಪ್ಪ ಪೆನ್ನು ತೆಗೆದು ಚೀಟಿಯ ಮೇಲೆ ಗೆರೆ ಹಾಕಲು ಹೊರಟಿದ್ದ. "ಬಂದಿಲ್ಲಂತ ಕಾಣಸ್ತೈತಿ," ಎಂದು ಒಳಗಿನವರಿಗೆ ಹೇಳಿದ.

ವೈನಿ ಎಂದು ಕರೆಯಲು ಬಾಯಿ ತೆರೆದೆ. ಹಾಗೆ ಕರೆದರೆ ಇವರು ಏಳುತ್ತಿದ್ದರು. ಆದರೆ ರಾಯಪ್ಪನಿಗೆ ಬೇಕಾದದ್ದು ನೀಲಾ. ಜೊತೆಗೆ ಇನ್ನೊಂದು ಮಾತೂ ಇತ್ತು, ಅದನ್ನು ನಾನು ಯಾರಿಗೂ ಹೇಳಿಲ್ಲ. ಇವರು ಒಳಗೆ ಹೋಗುವುದಾದರೆ ಆ ಹೆಸರಿನಿಂದಲೇ ಎದ್ದು ಹೋಗಲಿ ಎಂದು ನನಗೆ ಬಹಳ ಅನ್ನಿಸಿತು.

"ನೀಲಾ," ಎಂದು ಕರೆದೆ. ಜೋರಾಗಿ ಅಲ್ಲ. ಮನೆಯಲ್ಲಿ ತಂಗಿಯನ್ನು ಊಟಕ್ಕೆ ಕರೆಯುವಷ್ಟೇ. "ನೀಲಾ, ಏಳವಾ, ನಿನ್ನ ಕರ್ಯಾಕ ಹತ್ಯಾರ."

ಅವರು ನನ್ನ ಕಡೆ ತಿರುಗಿದರು. ಒಂದು ಗಳಿಗೆ ಮುಖದಲ್ಲಿ ಏನೂ ಇರಲಿಲ್ಲ. ಆಮೇಲೆ ಥಟ್ಟನೆ ಎದ್ದರು. ನೋಟ್‌ಬುಕ್ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳದೆ, "ನಾನ ರಿ, ನಾನ ನೀಲಾ," ಎನ್ನುತ್ತ ಬಾಗಿಲಿಗೆ ನಡೆದರು. ರಾಯಪ್ಪ ಪೆನ್ನು ಕಿಸೆಗೆ ಸಿಗಿಸಿಕೊಂಡ.

ನಾನು ಹೋಗಿ ನೋಟ್‌ಬುಕ್ ಎತ್ತಿ ಒರೆಸಿ ಇಟ್ಟುಕೊಂಡೆ. ಮೇಲಿನ ರಟ್ಟಿನ ಮೇಲೆ ಆಶಿಶ್‌ನ ಕಾರ್ಖಾನೆಯ ಕ್ಯಾಲೆಂಡರ್ ಹಾಳೆಯ ಕವರ್ ಹಾಕಿ, ಸೌ. ಸಾನಿಕಾ ದೇಸೂರಕರ ಎಂದು ಬರೆದಿದ್ದರು. ಮೊದಲ ಪುಟ ತೆಗೆದು ನೋಡಿದೆ. ಹಳೆಯ ನೀಲಿ ಮಸಿಯಲ್ಲಿ, ದುಂಡಗಿನ ಅಕ್ಷರದಲ್ಲಿ ನೀಲಾ ವಾ. ಜಾಂಬೋಟಕರ ಎಂದಿತ್ತು. ಮುಚ್ಚಿಟ್ಟೆ.

ಕೆಲಸ ಸಿಕ್ಕಿತೇ ಎಂದು ಕೇಳುವವರಿಗೆ ಇಲ್ಲೇ ಹೇಳುತ್ತೇನೆ, ಸಿಕ್ಕಿತು. ಹನ್ನೆರಡು ದಿನದ ಮೇಲೆ ಬಂದ ನೇಮಕದ ಪತ್ರವೂ ಪಿಎಚ್‌ಪಿ ಎಂಬ ಅಡ್ಡಹೆಸರು ಹಚ್ಚಿಕೊಂಡೇ ಬಂತು. ಅದನ್ನು ನನ್ನ ಕಂಪ್ಯೂಟರಿನಲ್ಲಿ ಅವರೇ ಸರಿಮಾಡಿ ತೆರೆದರು. ನಾನು ಹಿಂದೆ ನಿಂತು ಒಂದೇ ಒಂದು ಮಾತಾಡದೆ ನೋಡಿದೆ. ಅದಕ್ಕಾಗಿ ಹೊಸ ಯುಪಿಎಸ್ ತಂದಿದ್ದೆ ಎಂದರೆ ನನ್ನ ಹೆಂಡತಿ ಚಂದ್ರವ್ವ ನಂಬುವುದಿಲ್ಲ.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಮಂಗಳವಾರವೇ. ಇಪ್ಪತ್ತು ನಿಮಿಷದ ಮೇಲೆ ಅವರು ಹೊರಗೆ ಬಂದರು. ಮಳೆ ಸಣ್ಣಗಾಗಿತ್ತು. ಗೇಟು ದಾಟಿ ಕೊಡೆ ಬಿಚ್ಚಿದರು. ನಾನೇ ಕೇಳಿದೆ.

"ಏನು ಕೇಳಿದ್ರು ಒಳಗ?"

"ಮೊದಲು ಹೆಸರು ಕೇಳಿದ್ರು."

"ಹೇಳಿದ್ರಿಲ್ಲೋ?"

"ಎರಡು ಸಲ ಹೇಳಿದೆ," ಎಂದರು. "ಮೊದಲನೇ ಸಲಕ್ಕ ಅವರಿಗೆ ಕೇಳಿಸಿತ್ತು. ಎರಡನೇದು ನನಗಂತ ಹೇಳಿದೆ."

ಕೊಡೆಯ ಕೆಳಗೆ ಅವರ ಕಣ್ಣಲ್ಲಿ ನೀರಿತ್ತು. ನಾನು ನೋಟ್‌ಬುಕ್ ವಾಪಸ್ ಕೊಟ್ಟೆ. ಒಂದು ಗಂಟೆಯ ಬಸ್ಸು ಸಿಗುತ್ತದೆಯೋ ಇಲ್ಲವೋ ಎಂದು ಇಬ್ಬರೂ ಸ್ಟ್ಯಾಂಡಿನ ಕಡೆ ಬೇಗ ಬೇಗ ನಡೆದೆವು.